ಹದಿನೈದು ಹುಡುಗಿಯರು ಮತ್ತು ನಳದ ಬಳಿಯ ಅತ್ತೆಯರು

ಮಹಿಳಾ ಕಾಲೇಜಿನಲ್ಲಿ ಕೆಲಸ ಎಂದರೆ ಆರಾಮ, ಗದ್ದಲ ಇರುವುದಿಲ್ಲ ಎಂದು ನನಗೆ ಹೇಳಿದವರೆಲ್ಲ ಮಹಿಳಾ ಕಾಲೇಜನ್ನು ಗೇಟಿನ ಹೊರಗಿನಿಂದ ನೋಡಿದವರು. ಒಳಗೆ ಬಂದವರಿಗೆ ದಿನಕ್ಕೊಂದು ಕಾದಿರುತ್ತದೆ. ನಿನ್ನೆಯದನ್ನು ನೆನೆದು ನಕ್ಕು ಮುಗಿಸುವಷ್ಟರಲ್ಲಿ ಇವತ್ತಿನದು ಬಂದು ಬಾಗಿಲಲ್ಲಿ ನಿಂತಿರುತ್ತದೆ.

ನಾನು ಮಂಡ್ಯ ಕಡೆಯವಳು. ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿ ಈ ಕಡೆ ಬಂದೆ. ಊರು ಯಾವುದು ಎಂದು ಕೇಳಬೇಡಿ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕರಲ್ಲಿ ಒಂದು ಎಂದಷ್ಟೇ ಹೇಳುತ್ತೇನೆ. ಹೆಸರು ಹೇಳಿದರೆ ಉಳಿದ ಮೂರು ಊರಿನವರು, ನಮ್ಮಲ್ಲೂ ಹೀಗೇ ನಡೆಯುತ್ತದೆ, ನಮ್ಮ ಹೆಸರನ್ನು ಯಾಕೆ ಬಿಟ್ಟಿರಿ ಎಂದು ಜಗಳಕ್ಕೆ ಬರುತ್ತಾರೆ.

ಕೆಲಸಕ್ಕೆ ಸೇರಿದ ದಿನವೇ ಪ್ರಾಚಾರ್ಯರು ನನ್ನನ್ನು ಕರೆದು ಒಂದು ಮಾತು ಹೇಳಿದರು. ಪ್ರವೇಶದ ಕೊನೆಯ ದಿನ ಸಂಜೆ ಮೊದಲ ವರ್ಷದ ಸಮಾಜಶಾಸ್ತ್ರಕ್ಕೆ ಹದಿನೈದು ಹೆಸರು ಇರಬೇಕು. ಹದಿನಾಲ್ಕಾದರೆ ಆ ವಿಷಯ ಬಂದ್. ಹುಡುಗಿಯರನ್ನು ಬೇರೆ ವಿಷಯಕ್ಕೆ ಹಾಕುತ್ತಾರೆ. "ನಿಮ್ಮನ್ನ..." ಎಂದು ಅವರು ಮಾತು ನಿಲ್ಲಿಸಿ, ಕಿಟಕಿಯಿಂದ ಬಸ್ ನಿಲ್ದಾಣದ ಕಡೆ ನೋಡಿದರು. ನನಗೆ ಅರ್ಥವಾಯಿತು. ಆ ಬಸ್ಸು ಹತ್ತಿ ಊರಿಗೆ ಹೋದರೆ ಅಲ್ಲಿ ನಮ್ಮಮ್ಮ ಮೂರು ಜಾತಕ ಹಿಡಿದುಕೊಂಡು ಕಾಯುತ್ತಿದ್ದಳು. ಕೆಲಸ ಸಿಕ್ಕಿದೆ ಎಂದು ಹೇಳಿಯೇ ನಾನು ಆ ಜಾತಕಗಳಿಂದ ತಪ್ಪಿಸಿಕೊಂಡು ಬಂದದ್ದು. ಆ ದಿನ ತರಗತಿಯಲ್ಲಿ ಇದ್ದವರು ಹದಿನಾರು ಮಂದಿ. ಒಬ್ಬಳು ಹೆಚ್ಚೇ ಇದ್ದಾಳಲ್ಲ ಎಂದು ನಿಶ್ಚಿಂತೆಯಾಗಿ ಪಾಠಕ್ಕೆ ಹೋದೆ.

ಸಂದರ್ಶನ

ಮೊದಲ ತರಗತಿಯಲ್ಲಿ ನಾನು ಒಂದು ತಪ್ಪು ಮಾಡಿದೆ. ಸಮಾಜ ಎಂದರೇನು ಎಂದು ಅರ್ಧ ಗಂಟೆ ಹೇಳಿ, ಏನೇ ಸಂಶಯ ಇದ್ದರೂ ಸಂಕೋಚವಿಲ್ಲದೆ ಕೇಳಿ ಎಂದುಬಿಟ್ಟೆ. ಗೋಡೆ ಪಕ್ಕದ ಬೆಂಚಿನಿಂದ ಒಬ್ಬಳು ಎದ್ದಳು. ಹುಲಗೂರಿನವಳು, ಹಾಸ್ಟೆಲಿನಲ್ಲಿದ್ದು ಓದುವವಳು, ಮಾತಿನಲ್ಲಿ ಯಾರಿಗೂ ಸೋಲದವಳು ಎಂಬುದೆಲ್ಲ ನನಗೆ ಆಮೇಲೆ ತಿಳಿಯಿತು. ಆಗ ತಿಳಿದದ್ದು ಆಕೆಗೆ ಸಂಕೋಚವಿಲ್ಲ ಎಂದಷ್ಟೇ.

"ಮೇಡಂ, ನಿಮ್ಮದು ಲಗ್ನ ಆಗೇತ್ರಿ?" ಎಂದಳು.

ಇಲ್ಲ ಎಂದೆ. ಅಲ್ಲಿಂದ ತರಗತಿ ನನ್ನ ಕೈ ತಪ್ಪಿತು. ಮನೆಯಲ್ಲಿ ಎಷ್ಟು ಮಂದಿ, ಅಕ್ಕಂದಿರು ಇದ್ದಾರೋ, ಅವರದು ಆಗಿದೆಯೋ, ತಮ್ಮನದು ನಿಮಗಿಂತ ಮೊದಲು ಆಗಿಬಿಟ್ಟರೆ ಹೇಗೆ, ಇಲ್ಲಿ ಯಾರ ಮನೆಯಲ್ಲಿ ಬಾಡಿಗೆ ಇದ್ದೀರಿ, ಆ ಮನೆಯ ಮಾಲಕರ ಸೊಸೆ ನಿಮ್ಮ ಜೊತೆ ಮಾತಾಡುತ್ತಾಳೋ ಇಲ್ಲವೋ. ಯಾರೂ ಚೇಷ್ಟೆಗೆ ಕೇಳುತ್ತಿರಲಿಲ್ಲ. ಹದಿನಾರೂ ಮಂದಿ ಗಂಭೀರವಾಗಿ ಕುಳಿತು, ಉತ್ತರ ಪೂರ್ತಿ ಬರುವ ತನಕ ಬಿಡದೆ ಕೇಳಿದರು. ಸಮಾಜಶಾಸ್ತ್ರದಲ್ಲಿ ಕ್ಷೇತ್ರಕಾರ್ಯ ಎಂದು ನಾವು ಎರಡು ವರ್ಷ ಕಲಿತದ್ದನ್ನು ಇವರು ಹುಟ್ಟಿನಿಂದಲೇ ಕಲಿತು ಬಂದಿದ್ದರು. ನನಗೆ ಸಿಟ್ಟಿಗಿಂತ ಹೊಟ್ಟೆಕಿಚ್ಚಾಯಿತು.

ಭಾನುವಾರ ಏನೋ ಸಾಮಾನು ತರಲು ಹಾವೇರಿಗೆ ಹೊರಟೆ. ಬಸ್ಸು ತುಂಬಿತ್ತು. ಕಂಡಕ್ಟರ್ ನನ್ನ ಮುಖ ನೋಡಿದವರೇ ಕಿಟಕಿ ಪಕ್ಕ ಕುಳಿತಿದ್ದ ಮುದುಕರೊಬ್ಬರಿಗೆ ಹೇಳಿದರು: "ಅಜ್ಜಾರ, ಸ್ವಲ್ಪ ಸರೀರಿ. ಮಂಡ್ಯದ ಮೇಡಂ ಕುಂದರ್ಲಿ. ಒಬ್ಬರ ಇರ್ತಾರ, ಇನ್ನೂ ಲಗ್ನ ಆಗಿಲ್ಲ." ಆ ಕಂಡಕ್ಟರರ ಅಕ್ಕನ ಮಗಳು ನನ್ನ ತರಗತಿಯಲ್ಲಿದ್ದಳಂತೆ.

ಅಜ್ಜ ಸರಿದು ಜಾಗ ಕೊಟ್ಟರು. ನಾನು ಕುಳಿತು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡ ಮೇಲೆ, ಯಾಕೆ ಆಗಿಲ್ಲ ಎಂದು ಕೇಳಿದರು. ಹಾವೇರಿ ಬರುವ ತನಕ ಉತ್ತರ ಹೇಳುತ್ತಲೇ ಇದ್ದೆ.

ಮೂರೂವರೆಯ ಬೆಂಚು

ನಮ್ಮ ಹುಡುಗಿಯರು ಬೆಂಚಿನಲ್ಲಿ ಕೂರುವ ಕ್ರಮವನ್ನು ನಾನು ಒಂದು ವಾರ ಕುತೂಹಲದಿಂದ ಗಮನಿಸಿದೆ. ದಿನವೂ ಅದೇ ಗುಂಪು, ಅದೇ ಜಾಗ. ಜಾತಿಯೋ, ಬಳಗವೋ, ಹಳೆಯ ಗೆಳೆತನವೋ ಎಂದು ತಲೆ ಕೆಡಿಸಿಕೊಂಡೆ. ಒಂದು ಲೇಖನ ಬರೆಯಬಹುದು ಎಂದೂ ಅನ್ನಿಸಿತು. ಆಮೇಲೆ ಏನಾದರಾಗಲಿ, ಈ ಗೋಡೆ ಒಡೆಯಬೇಕು ಎಂದು ತೀರ್ಮಾನಿಸಿ, ಒಂದು ದಿನ ಹಾಜರಿ ಪುಸ್ತಕದ ಕ್ರಮದಲ್ಲಿ ಎಲ್ಲರನ್ನೂ ಬೆರೆಸಿ ಕೂರಿಸಿದೆ. ಯಾರೂ ಎದುರಾಡಲಿಲ್ಲ. ಆದರೆ ಬಾಗಿಲ ಪಕ್ಕದಲ್ಲಿ ಕೂರುತ್ತಿದ್ದ ಒಬ್ಬಳು, ಗೋಡೆಯ ಮೂಲೆಗೆ ಹೋಗುವಾಗ ನನ್ನನ್ನು ನೋಡಿದ ನೋಟ ಸರಿಯಿರಲಿಲ್ಲ.

ಮೂರೂವರೆಗೆ ಆರು ನಿಮಿಷ ಇರುವಾಗ ಗಂಟೆ ಬಾರಿಸಿತು. ಆಗ ನನಗೆ ಗೊತ್ತಾಯಿತು. ಬಾಗಿಲ ಪಕ್ಕದ ಬೆಂಚು ಮೂರೂವರೆಯ ಬಸ್ಸಿನವರದು. ಅವರು ಗಂಟೆ ಬಾರಿಸುವುದಕ್ಕೂ ಬಸ್ಸು ಹೊರಡುವುದಕ್ಕೂ ನಡುವೆ ಇರುವ ಆರು ನಿಮಿಷದಲ್ಲಿ ಓಡಬೇಕು. ಅದರ ಹಿಂದಿನ ಬೆಂಚು ನಾಲ್ಕೂಕಾಲಿನ ಬಸ್ಸಿನವರದು. ಊರಿನವರು ನಡುವೆ. ಎಲ್ಲಿಗೂ ಹೋಗುವುದಿಲ್ಲದ ಹಾಸ್ಟೆಲಿನವರು ಗೋಡೆಗೆ. ಅಲ್ಲಿ ಜಾತಿಯೂ ಇರಲಿಲ್ಲ, ಬಳಗವೂ ಇರಲಿಲ್ಲ, ಬಸ್ಸಿನ ವೇಳಾಪಟ್ಟಿ ಇತ್ತು. ಮೂಲೆಗೆ ಹೋದ ಹುಡುಗಿ ಏಳು ಮಂದಿಯನ್ನು ದಾಟಿ ಹೊರಬರುವಷ್ಟರಲ್ಲಿ ಬಸ್ಸು ಹೋಗಿತ್ತು.

ಮರುದಿನ ಬೆಳಿಗ್ಗೆ ಆಕೆಯ ಅಪ್ಪ ಬಂದರು. ಹೊಲದಿಂದ ನೇರ ಬಂದವರು, ಹೆಗಲ ಮೇಲೆ ಟವೆಲ್ಲು. ಬೈಸಿಕೊಳ್ಳಲು ಸಿದ್ಧಳಾಗಿಯೇ ಎದ್ದು ನಿಂತೆ. ಅವರು ಬೈಯಲಿಲ್ಲ. ಕೈಮುಗಿದು, ಬಹಳ ನೊಂದ ದನಿಯಲ್ಲಿ ಕೇಳಿದರು.

"ನಮ್ಮ ಹುಡುಗಿ ಅಂಥಾದ್ದೇನ್ ತಪ್ಪು ಮಾಡ್ಯಾಳಂತ ಆಕೀನ ಹಾಸ್ಟೆಲ್ ಬೆಂಚಿಗೆ ಹಾಕಿದ್ರಿ ಮೇಡಂ?"

ಪ್ರಾಚಾರ್ಯರ ಕೆಮ್ಮು

ನಮ್ಮ ಪ್ರಾಚಾರ್ಯರು ನಿವೃತ್ತಿಗೆ ಹತ್ತಿರದವರು, ಬಹಳ ಮರ್ಯಾದಸ್ಥರು. ಹೆಣ್ಣುಮಕ್ಕಳು ಎಲ್ಲಿ ತಲೆ ಬಾಚಿಕೊಳ್ಳುತ್ತಿರುತ್ತಾರೋ, ಎಲ್ಲಿ ಕಾಲು ಚಾಚಿ ಕುಳಿತು ರೊಟ್ಟಿ ತಿನ್ನುತ್ತಿರುತ್ತಾರೋ, ಗಂಡಸು ಹಾಗೆ ದಿಢೀರನೆ ಎದುರಾಗಬಾರದು ಎಂಬುದು ಅವರ ನಿಯಮ. ಅದಕ್ಕೆ ಪ್ರತಿ ತಿರುವಿನಲ್ಲೂ ಒಮ್ಮೆ ಕೆಮ್ಮುತ್ತಿದ್ದರು. ಮೆಟ್ಟಿಲ ಕೆಳಗೆ ಒಂದು ಕೆಮ್ಮು, ಮೇಲೆ ಒಂದು, ಗ್ರಂಥಾಲಯದ ಬಾಗಿಲಲ್ಲಿ ಒಂದು.

ಹುಡುಗಿಯರಿಗೆ ಇದರಿಂದ ಬಹಳ ಅನುಕೂಲವಾಗಿತ್ತು. ಮೊದಲ ಕೆಮ್ಮಿಗೆ ಮೊಬೈಲು ಒಳಗೆ, ಎರಡನೆಯದಕ್ಕೆ ಪುಸ್ತಕ ಹೊರಗೆ, ಮೂರನೆಯದಕ್ಕೆ ಮುಖದಲ್ಲಿ ವಿದ್ಯೆ. ಅವರು ಬಂದು ನೋಡುವಾಗ ಕಾಲೇಜು ತುಂಬ ಶಿಸ್ತಾಗಿ ಇರುತ್ತಿತ್ತು. ನಮ್ಮ ಕಾಲೇಜಿನಷ್ಟು ಶಿಸ್ತು ಜಿಲ್ಲೆಯಲ್ಲಿ ಇಲ್ಲ ಎಂದು ಅವರು ಎಲ್ಲ ಸಭೆಯಲ್ಲೂ ಹೇಳುತ್ತಿದ್ದರು.

ಮಳೆ ಹಿಡಿದ ಒಂದು ವಾರ ಅವರಿಗೆ ನಿಜವಾದ ಕೆಮ್ಮು ಬಂತು. ತಮ್ಮ ಕೋಣೆಯಲ್ಲಿ ಕುಳಿತೇ ಬೆಳಿಗ್ಗೆಯಿಂದ ಸಂಜೆ ತನಕ ಕೆಮ್ಮಿದರು. ಹುಡುಗಿಯರಿಗೆ ಅವರು ಎಲ್ಲಿದ್ದಾರೆಂದು ತಿಳಿಯದಾಯಿತು. ಐದು ದಿನ ಯಾರೂ ಮೊಬೈಲು ಮುಟ್ಟಲಿಲ್ಲ, ಎಲ್ಲ ತರಗತಿಯಲ್ಲೂ ಪೂರ್ತಿ ಹಾಜರಿ, ಗ್ರಂಥಾಲಯದಲ್ಲಿ ಕೂರಲು ಜಾಗವಿಲ್ಲ. ಆರನೆಯ ದಿನ ಹುಡುಗಿಯರೇ ಚಂದಾ ಎತ್ತಿ ಶುಂಠಿ ಕಷಾಯದ ಪುಡಿ ತಂದು ಅವರಿಗೆ ಕೊಟ್ಟರು. ಪ್ರಾಚಾರ್ಯರ ಕಣ್ಣಲ್ಲಿ ನೀರು ಬಂತು. ಇಷ್ಟು ಪ್ರೀತಿಯ ಮಕ್ಕಳನ್ನು ತಮ್ಮ ಸರ್ವಿಸಿನಲ್ಲಿ ನೋಡಿರಲಿಲ್ಲ ಎಂದರು.

ನಳದ ಬಳಿ

ಆಷಾಢ ಮುಗಿಯಿತು. ಶ್ರಾವಣದ ಮೊದಲ ವಾರ ಮಧ್ಯಾಹ್ನ, ಕಾಲೇಜಿನ ಅಂಗಳದಲ್ಲಿ ಕುಡಿಯುವ ನೀರಿನ ನಳದ ಬಳಿ ಇಬ್ಬರು ಹೆಂಗಸರು ನಿಂತಿದ್ದರು. ಇಬ್ಬರದೂ ಮಡಿಕೆ ಮುರಿಯದ ಇಳಕಲ್ ಸೀರೆ. ನಾನು ತರಗತಿ ಮುಗಿಸಿ ಚೂಡಿದಾರದಲ್ಲಿ, ಕೈಯಲ್ಲಿ ಪುಸ್ತಕ ಹಿಡಿದು ಹೋಗುತ್ತಿದ್ದೆ. ನಾನು ಗಿಡ್ಡಕ್ಕಿದ್ದೇನೆ, ಹುಡುಗಿಯರ ನಡುವೆ ನನ್ನನ್ನು ಗುರುತಿಸುವುದು ಕಷ್ಟ. ಅವರಲ್ಲಿ ಹಿರಿಯಳು ನನ್ನ ತರಗತಿಯ ಒಬ್ಬ ಹುಡುಗಿಯ ಹೆಸರು ಹೇಳಿ, ಹೌದಲ್ಲ ಎಂದು ಕೇಳಿದಳು. ಆಕೆ ನಮ್ಮ ತರಗತಿಯವಳೋ ಎಂದು ಕೇಳುತ್ತಿದ್ದಾರೆ ಎಂದುಕೊಂಡು ಹೌದು ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಒಂದು ಗ್ಲಾಸು ನೀರು ಕೊಡು ತಂಗಿ ಎಂದರು. ನಳ ಅವರ ಪಕ್ಕದಲ್ಲೇ ಇತ್ತು. ದೊಡ್ಡವರು ಕೇಳಿದ್ದಾರೆ ಎಂದು ತುಂಬಿ ಕೊಟ್ಟೆ. ಕುಡಿಯಲಿಲ್ಲ, ನನ್ನ ಪಾದ ನೋಡುತ್ತಿದ್ದರು. ಆಫೀಸಿನ ಗಡಿಯಾರದಲ್ಲಿ ಗಂಟೆ ಎಷ್ಟಾಯಿತು ನೋಡಿ ಬಾ ಎಂದರು. ಹೋಗಿ ನೋಡಿ ಬಂದೆ. ಎದುರಿನ ಗೋಡೆಯ ಮೇಲೆ ಏನು ಬರೆದಿದ್ದಾರೆ, ನಮಗೆ ಕಾಣುವುದಿಲ್ಲ ಎಂದರು. ಓದಿ ಹೇಳಿದೆ. ಕೊನೆಗೆ ರೊಟ್ಟಿ ಮಾಡಲು ಬರುತ್ತದೆಯೇ ಎಂದರು. ಇಲ್ಲ, ಮುದ್ದೆ ಚೆನ್ನಾಗಿ ಮಾಡುತ್ತೇನೆ ಎಂದು ಹೆಮ್ಮೆಯಿಂದಲೇ ಹೇಳಿದೆ.

ಅಷ್ಟರಲ್ಲಿ ನಮ್ಮ ಗೇಟಿನ ಅಕ್ಕ ಊಟ ಬಿಟ್ಟು ಓಡಿ ಬಂದಳು. ಹತ್ತೊಂಬತ್ತು ವರ್ಷದಿಂದ ಆ ಗೇಟು ಕಾಯುವ ಸಿಪಾಯಿ ಆಕೆ, ಕಾಲೇಜಿನ ಚರಿತ್ರೆಯೆಲ್ಲ ಆಕೆಯ ಬಾಯಲ್ಲಿದೆ. ನನ್ನನ್ನು ಪಕ್ಕಕ್ಕೆ ಎಳೆದು ವಿಷಯ ತಿಳಿಸಿದಳು. ಶ್ರಾವಣ ಬಂತೆಂದರೆ ಗಂಡಿನ ಕಡೆಯವರು, ಮನೆಗೆ ಹೋಗಿ ಹೆಣ್ಣು ನೋಡುವ ಮೊದಲು, ಹುಡುಗಿ ಇದ್ದ ಹಾಗೆ ಹೇಗಿದ್ದಾಳೆ ಎಂದು ಕಾಲೇಜಿಗೆ ಬಂದು ನೋಡಿ ಹೋಗುತ್ತಾರೆ. ಗಂಡಸರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಅತ್ತೆಯೋ ಚಿಕ್ಕಮ್ಮನೋ ಬರುತ್ತಾರೆ. ಯಾಕೆ ಬಂದಿರಿ ಎಂದರೆ ಅಡ್ಮಿಷನ್ ಕೇಳಲು ಎನ್ನುತ್ತಾರೆ. ಗುರುತು ಹಿಡಿಯುವುದು ಸುಲಭ. ಹೊಸ ಸೀರೆ ಇರುತ್ತದೆ, ಬಾಯಾರಿಕೆ ಇರುವುದಿಲ್ಲ, ನಳ ಬಿಟ್ಟು ಹೋಗುವುದಿಲ್ಲ, ಕಣ್ಣು ಹುಡುಗಿಯರ ಕಾಲ ಮೇಲೆ ಇರುತ್ತದೆ. ಇಷ್ಟು ಹೇಳಿ ಅಕ್ಕ ಅವರ ಕಡೆ ತಿರುಗುವಷ್ಟರಲ್ಲಿ ಅವರು ಸಂತೋಷದಿಂದ ಹೋಗಿಯೂ ಆಗಿತ್ತು.

ಎರಡು ದಿನದ ಮೇಲೆ ಆ ಹುಡುಗಿಯ ಅಪ್ಪನಿಗೆ ಫೋನ್ ಬಂತಂತೆ. "ಹುಡುಗಿ ನಮಗ ಒಪ್ಪಿಗೀರಿ. ನಡಿಗಿ ಛಲೋ ಐತಿ, ಕಣ್ಣೂ ಛಲೋ ಅದಾವ. ಮುದ್ದಿ ಮಾಡೂದೊಂದು ಬಿಡಿಸಿಬಿಡ್ರಿ."

ಜನ್ಮದಲ್ಲಿ ಮುದ್ದೆ ಕಾಣದ ಆ ಮನುಷ್ಯ ಮಗಳನ್ನು ಎದುರು ಕೂರಿಸಿಕೊಂಡು, ಕಾಲೇಜಿನಲ್ಲಿ ಕದ್ದು ಏನೇನು ಕಲಿಯುತ್ತಿದ್ದೀ ಎಂದು ಒಂದು ತಾಸು ವಿಚಾರಣೆ ಮಾಡಿದರಂತೆ.

ಪೇಢೆ

ನಾನು ಚೆನ್ನಾಗಿ ನಡೆದದ್ದರ ಫಲ ಆ ಹುಡುಗಿಗೆ ಸಿಕ್ಕಿತು. ಮನೆಗೆ ಬಂದು ನೋಡಿದಾಗ, ಹದಿನೈದು ದಿನದಲ್ಲಿ ಇಷ್ಟು ಎತ್ತರ ಆಗಿದ್ದಾಳಲ್ಲ ಎಂದು ಬೀಗರಿಗೆ ಆಶ್ಚರ್ಯವಾಯಿತಂತೆ, ಆದರೆ ಒಪ್ಪಿದರು. ಒಂದು ಸೋಮವಾರ ಆಕೆ ಅಪ್ಪನ ಜೊತೆ ಟಿ.ಸಿ. ತೆಗೆದುಕೊಂಡು ಹೋಗಲು ಬಂದಳು. ಕೈಯಲ್ಲಿ ಪೇಢೆಯ ಡಬ್ಬಿ. ನಾನು ಆಗ ಕುಟುಂಬ ಮತ್ತು ವಿವಾಹ ಎಂಬ ಅಧ್ಯಾಯ ಮಾಡುತ್ತಿದ್ದೆ.

"ಮೇಡಂ, ನಿಮ್ಮ ಪಾಠದಾಗಿನ ವಿವಾಹ ಮುಗಿಯೂದರಾಗ ನಂದ ಮುಗೀತೈತಿ" ಎಂದು ನಕ್ಕಳು. ತರಗತಿಯೂ ನಕ್ಕಿತು. ಟಿಪ್ಪಣಿಯನ್ನು ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದ ಹುಡುಗಿ. ನನಗೆ ನಗಲಾಗಲಿಲ್ಲ. ಅವತ್ತು ನಳದ ಬಳಿ ಸ್ವಲ್ಪ ಕುಂಟಿದ್ದರೆ ಈಕೆ ಇನ್ನೂ ಇಲ್ಲೇ ಇರುತ್ತಿದ್ದಳಲ್ಲ ಎಂದುಕೊಂಡೆ.

ಅದೇ ವಾರ ಇನ್ನೊಬ್ಬಳಿಗೆ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಅದು ಒಳ್ಳೆಯ ಸುದ್ದಿಯಾದ್ದರಿಂದ ಮರುಗಲೂ ಆಗಲಿಲ್ಲ. ಆಕೆಯೂ ಪೇಢೆ ತಂದಳು. ಹದಿನಾರು ಹದಿನಾಲ್ಕಾಯಿತು. ಪ್ರವೇಶದ ಕೊನೆಯ ದಿನಕ್ಕೆ ಒಂಬತ್ತು ದಿನ ಉಳಿದಿತ್ತು. ನನಗೆ ಇವತ್ತಿಗೂ ಪೇಢೆ ಕಂಡರೆ ಆಗುವುದಿಲ್ಲ. ಗೇಟಿನ ಅಕ್ಕ ಮಾತ್ರ ಎರಡೂ ಡಬ್ಬಿ ಖಾಲಿ ಮಾಡಿ, ಈ ವರ್ಷ ನಿಮ್ಮ ವಿಷಯಕ್ಕೆ ಒಳ್ಳೆಯ ಕಳೆ ಬಂದಿದೆ ಮೇಡಂ ಎಂದಳು.

ದೋಷಗಳ ಪಟ್ಟಿ

ಮರುದಿನವೇ ಹುಲಗೂರಿನ ಹುಡುಗಿ ನನ್ನನ್ನು ಹುಡುಕಿಕೊಂಡು ಸ್ಟಾಫ್ ರೂಮಿಗೆ ಬಂದಳು. ಮುಂದಿನ ವಾರ ಯಾರೋ ತನ್ನನ್ನು ನೋಡಲು ಕಾಲೇಜಿಗೆ ಬರುತ್ತಾರಂತೆ. ಆಡೂರ ಕಡೆಯವರು. ಸಂಬಂಧ ಕುದುರಿದರೆ ಓದು ಸಾಕು ಎಂದು ಅಪ್ಪ ಹೇಳಿದ್ದಾರೆ. ಆಕೆಗೆ ಓದಬೇಕು. ಇದನ್ನೆಲ್ಲ ಆಕೆ ನನ್ನ ಮುಖ ನೋಡದೆ, ಮೇಜಿನ ಅಂಚು ನೋಡುತ್ತ ಹೇಳಿದಳು. ಮಾತಿನಲ್ಲಿ ಯಾರಿಗೂ ಸೋಲದವಳು ಹೀಗೆ ನಿಂತಿದ್ದನ್ನು ನೋಡಿ ನನಗೂ ಕಷ್ಟವಾಯಿತು. ಆಕೆ ಹೋದರೆ ಹದಿಮೂರು ಎಂಬ ಲೆಕ್ಕವೂ ಅದೇ ಕ್ಷಣ ತಲೆಗೆ ಬಂತು, ಸುಳ್ಳು ಯಾಕೆ ಹೇಳಲಿ.

"ನೀವು ನನ್ನ ಬಗ್ಗೆ ಅವ್ರ ಮುಂದ ಕೆಟ್ಟದ್ದ ಹೇಳ್ಬೇಕ್ರಿ ಮೇಡಂ. ನಿಮಗ ತ್ರಾಸ ಆಗಬಾರ್ದಂತ ನಾನ ಬರ್ಕೊಂಡು ಬಂದೇನಿ" ಎಂದು ಒಂದು ಹಾಳೆ ಮುಂದಿಟ್ಟಳು.

ಹಾಳೆಯಲ್ಲಿ ತನ್ನ ದೋಷಗಳನ್ನು ಆಕೆ ಹನ್ನೊಂದು ಅಂಶಗಳಲ್ಲಿ ಬರೆದಿದ್ದಳು. ಮೇಲೆ ಅಡಿಗೆರೆ ಎಳೆದ ಶೀರ್ಷಿಕೆ, ಕೊನೆಗೆ ಉಪಸಂಹಾರ. ನಾನು ಕೆಂಪು ಪೆನ್ನು ತೆಗೆದುಕೊಂಡು ಕುಳಿತೆ. ರೊಟ್ಟಿ ಬಡಿಯಲು ಬರುವುದಿಲ್ಲ ಎಂದು ಬರೆದಿದ್ದಳು. ಈ ಕಡೆಯ ಹುಡುಗಿಗೆ ರೊಟ್ಟಿ ಬರುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ ಎಂದು ಅದನ್ನು ಹೊಡೆದು, ಬಡಿಯುತ್ತಾಳೆ ಆದರೆ ತನಗೆ ಬೇಕಾದಾಗ ಮಾತ್ರ ಎಂದು ತಿದ್ದಿದೆ. ಎದುರು ಮಾತಾಡುತ್ತಾಳೆ ಎಂಬುದರ ಮುಂದೆ ಉದಾಹರಣೆ ಕೊಡು ಎಂದು ಬರೆದೆ. ಪುಸ್ತಕ ಹಿಡಿದರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯುವುದಿಲ್ಲ ಎಂಬುದು ಚೆನ್ನಾಗಿತ್ತು, ಅದಕ್ಕೆ ಸರಿ ಹಾಕಿದೆ. ನಡತೆಯ ವಿಷಯ ಮಾತ್ರ ಏನೂ ಇರಬಾರದು, ಊರು ಸಣ್ಣದು ಎಂದು ಇಬ್ಬರೂ ಒಪ್ಪಿಕೊಂಡೆವು. ಹಾಳೆ ವಾಪಸು ಕೊಡುವಾಗ ಆಕೆ ಅಲ್ಲೇ ನಿಂತಳು. ಇನ್ನೇನು ಎಂದು ಕೇಳಿದೆ.

ಹತ್ತಕ್ಕೆ ಎಷ್ಟು ಅಂಕ ಎಂದು ಬರೆದಿಲ್ಲವಲ್ಲ ಮೇಡಂ ಎಂದಳು.

ಕೊನೆಯ ದಿನ

ಕೊನೆಯ ದಿನ ಮಧ್ಯಾಹ್ನ ಮೂರಾದರೂ ಪಟ್ಟಿಯಲ್ಲಿ ಹದಿನಾಲ್ಕೇ ಹೆಸರು. ಆಫೀಸು ನಾಲ್ಕಕ್ಕೆ ಮುಚ್ಚುತ್ತದೆ. ಪ್ರಾಚಾರ್ಯರು ಎರಡು ಸಲ ನನ್ನ ಬಾಗಿಲ ತನಕ ಬಂದು, ಕೆಮ್ಮಿ ಹೋದರು. ನಾನು ಊರಿಗೆ ಹೋಗುವ ಬಸ್ಸಿನ ವೇಳೆಯನ್ನು ಮೊಬೈಲಿನಲ್ಲಿ ನೋಡುತ್ತಿದ್ದೆ. ಆಗ ಗೇಟಿನ ಅಕ್ಕ ಕಿಟಕಿಯಲ್ಲಿ ಕಾಣಿಸಿಕೊಂಡು ಕಣ್ಸನ್ನೆ ಮಾಡಿದಳು.

ನಳದ ಬಳಿ ಒಬ್ಬ ಹೆಂಗಸು ನಿಂತಿದ್ದಳು. ವಯಸ್ಸು ನಲವತ್ತರ ಆಸುಪಾಸು. ಹೊಸ ಇಳಕಲ್ ಸೀರೆ. ನೀರು ತುಂಬಿದ ಗ್ಲಾಸು ಕೈಯಲ್ಲಿದೆ, ಕುಡಿಯುತ್ತಿಲ್ಲ. ಹೋಗುವ ಬರುವ ಹುಡುಗಿಯರ ಕಾಲು ನೋಡುತ್ತಿದ್ದಾಳೆ. ಎಲ್ಲಿಂದ ಬಂದಿರಿ ಎಂದು ಅಕ್ಕ ಕೇಳಿದರೆ ಆಡೂರು ಎಂದಿದ್ದಾಳೆ. ಯಾಕೆ ಎಂದರೆ ಅಡ್ಮಿಷನ್ ಎಂದಿದ್ದಾಳೆ. ಇನ್ನೇನು ಬೇಕು. ಕೆಲಸ ಹೋದರೂ ಹೋಗಲಿ, ಹುಲಗೂರಿನ ಹುಡುಗಿಯನ್ನಾದರೂ ಉಳಿಸುತ್ತೇನೆ ಎಂದು ನಾನೇ ಹೋಗಿ ಆಕೆಯನ್ನು ಸ್ಟಾಫ್ ರೂಮಿಗೆ ಕರೆತಂದು ಕೂರಿಸಿದೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಸ್ವಲ್ಪ ಅಳುಕುತ್ತಲೇ, ಇಲ್ಲಿಯ ಹುಡುಗಿಯರು ಹೇಗೆ ಎಂದು ಕೇಳಿದಳು. ನಾನು ಕಾಯುತ್ತಿದ್ದದ್ದೇ ಅದಕ್ಕೆ. ಎಲ್ಲರ ಮಾತು ಬಿಡಿ, ಹುಲಗೂರಿನವಳೊಬ್ಬಳಿದ್ದಾಳೆ ಎಂದು ಶುರು ಮಾಡಿದೆ. ಹನ್ನೊಂದು ಅಂಶವನ್ನೂ ಉದಾಹರಣೆ ಸಮೇತ ಹೇಳಿದೆ. ದೊಡ್ಡವರು ಹೇಳಿದ್ದು ತಪ್ಪು ಎನಿಸಿದರೆ ಅಲ್ಲೇ ತಪ್ಪು ಎನ್ನುತ್ತಾಳೆ. ಯಾಕೆ ಎಂದು ಕೇಳದೆ ಒಂದು ಕೆಲಸ ಮಾಡುವುದಿಲ್ಲ. ಓದಲು ಕುಳಿತರೆ ಮನೆಗೆ ಬೆಂಕಿ ಬಿದ್ದರೂ ಏಳುವುದಿಲ್ಲ. ಹೆಂಗಸು ಕಣ್ಣರಳಿಸಿ ಕೇಳಿದಳು. ನಡುನಡುವೆ ಹೌದೇನ್ರಿ ಎಂದಳು. ನಾನು ಉಪಸಂಹಾರ ಮುಗಿಸಿ ಗಡಿಯಾರ ನೋಡಿದರೆ ಮೂರು ನಲವತ್ತು.

ಆಕೆ ಚೀಲದಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಒಂದು ಕಾಗದ ತೆಗೆದು ಮೇಜಿನ ಮೇಲೆ ಇಟ್ಟಳು. ಹಳೆಯ ಪಿಯುಸಿ ಅಂಕಪಟ್ಟಿ. ಮಡಿಕೆಯ ಕಡೆ ಹರಿದಿತ್ತು.

"ನಾ ಹೆಣ್ಣು ನೋಡಾಕ ಬಂದಿಲ್ರಿ. ಕಲಿಯಾಕ ಬಂದೇನಿ" ಎಂದಳು.

ನನಗೆ ಕುಳಿತಲ್ಲೇ ಬೆವರಿಳಿಯಿತು. ಆಕೆ ಸಾವಕಾಶ ಹೇಳಿದಳು. ಪಿಯುಸಿ ಮುಗಿಸಿದ ವರ್ಷವೇ ಲಗ್ನ. ಮಕ್ಕಳು ದೊಡ್ಡವರಾದರು, ಮನೆಯವರು ಹೂಂ ಎಂದರು. "ನಮ್ಮೂರಾಗ ಶಾಸನ ಅದಾವ್ರಿ. ಎಲ್ಲೆಲ್ಲಿಂದೋ ಬಂದು ಓದಿ ಹೋಗ್ತಾರ. ದಿನಾ ಅದರ ಮುಂದ ಹಾಯ್ದು ಹೊಲಕ್ಕ ಹೋಗಾಕಿ ನಾನು, ಅದರಾಗ ಏನೈತಿ ಅಂತ ನನಗ ಗೊತ್ತಿಲ್ಲ." ಅದಕ್ಕೆ ಇತಿಹಾಸ ತೆಗೆದುಕೊಳ್ಳಬೇಕು ಎಂದಿದ್ದಳು. ಅದರ ಜೋಡಿ ಇನ್ನೊಂದು ಯಾವ ವಿಷಯ ತೆಗೆದುಕೊಳ್ಳಬೇಕು ಎಂದು ಗೊತ್ತಿರಲಿಲ್ಲ. ಹುಡುಗಿಯರ ಕಾಲು ಯಾಕೆ ನೋಡುತ್ತಿದ್ದಿರಿ ಎಂದು ಕೇಳಿದೆ. ಕಾಲೇಜಿಗೆ ಎಂಥ ಚಪ್ಪಲಿ ಹಾಕಿಕೊಂಡು ಬರುತ್ತಾರೆ ಎಂದು ನೋಡುತ್ತಿದ್ದೆ ಎಂದಳು.

ಇತಿಹಾಸದ ಜೋಡಿ ಸಮಾಜಶಾಸ್ತ್ರ ಎಂದು ಹೇಳಿ ಆಕೆಯ ಕೈ ಹಿಡಿದುಕೊಂಡು ಆಫೀಸಿಗೆ ಓಡಿದೆ. ಗುಮಾಸ್ತರು ಕಪಾಟಿಗೆ ಬೀಗ ಹಾಕುತ್ತಿದ್ದರು. ಹಿಂದಿನಿಂದ ಪ್ರಾಚಾರ್ಯರು ಮೊದಲ ಸಲ ಕೆಮ್ಮದೆ ಓಡಿ ಬಂದರು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಹದಿನೈದನೆಯ ಹೆಸರು ಬಿತ್ತು. ನಾನು ಅಲ್ಲೇ ಬೆಂಚಿನ ಮೇಲೆ ಕುಳಿತು ಅತ್ತೆ. ಕೆಲಸ ಉಳಿದದ್ದಕ್ಕೋ ಆ ಹರಿದ ಅಂಕಪಟ್ಟಿಗೋ ಗೊತ್ತಿಲ್ಲ.

ಸಹಿ ಮಾಡಿ ಪೆನ್ನು ಮುಚ್ಚುತ್ತ ಆಡೂರಿನ ಅಕ್ಕ ನನ್ನ ಕಡೆ ವಾಲಿ, ಆ ಹುಲಗೂರಿನ ಹುಡುಗಿ ಯಾವಾಕೆ ತೋರಿಸಿ ಎಂದಳು. ತನ್ನ ಹಿರಿಯ ಮಗ ಬಾಯಿಲ್ಲದವನು, ಸಂತೆಯಲ್ಲಿ ತೂಕ ಕಡಿಮೆ ಹಾಕಿದರೂ ಸುಮ್ಮನೆ ಬರುತ್ತಾನೆ, ನೀವು ಹೇಳಿದಂಥ ಹುಡುಗಿಯನ್ನೇ ಎರಡು ವರ್ಷದಿಂದ ಹುಡುಕುತ್ತಿದ್ದೇನೆ ಎಂದಳು. ನನ್ನ ಹನ್ನೊಂದು ಅಂಶವೂ ಆಕೆಗೆ ಒಪ್ಪಿಗೆಯಾಗಿತ್ತು.

ಹೆದರಿಕೊಂಡೇ ಹುಡುಗಿಗೆ ಹೇಳಿದೆ. ಆಕೆ ಹೆದರಲಿಲ್ಲ. ನೇರವಾಗಿ ಆಡೂರಿನ ಅಕ್ಕನ ಎದುರು ಹೋಗಿ ನಿಂತಳು. "ಮೂರು ವ‍ರ್ಷ ಒಂದ ಬೆಂಚಿನ್ಯಾಗ ಕುಂದ್ರೂಣ್ರಿ. ನೀವು ನನ್ನ ನೋಡ್ರಿ, ನಾ ನಿಮ್ಮನ್ನ ನೋಡ್ತೇನಿ. ಡಿಗ್ರಿ ಆದ ಮ್ಯಾಲ ಮಾತಾಡೂಣು." ಅಕ್ಕ ಒಪ್ಪಿದಳು. ಹುಲಗೂರಿಗೆ ತಾನೇ ಫೋನ್ ಮಾಡಿ, ಮೂರು ವರ್ಷ ಹುಡುಗಿಯ ಓದು ನಿಲ್ಲಿಸಬೇಡಿ, ನಾನು ಜೊತೆಗೇ ಇರುತ್ತೇನೆ ಎಂದು ಆಕೆಯ ಅಪ್ಪನನ್ನೂ ಒಪ್ಪಿಸಿದಳು.

ಹುಡುಗಿಯನ್ನು ನೋಡಲು ಬರಬೇಕಿದ್ದ ನಿಜವಾದ ಪಾರ್ಟಿ ಎರಡು ದಿನ ತಡವಾಗಿ ಬಂತು. ಅವರು ಕಿಟಕಿಯಿಂದ ಇಣುಕಿ ನೋಡಿದರೆ, ಹುಡುಗಿಯ ಮೈಗೆ ಮೈ ತಾಗಿಸಿ ಇಳಕಲ್ ಸೀರೆಯ ಹೆಂಗಸೊಬ್ಬಳು ಕುಳಿತು, ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದಳು. ನಮಗಿಂತ ಮೊದಲೇ ಬಂದು ಕುಳಿತಿದ್ದಾರೆ, ಬರೆದುಕೊಳ್ಳುತ್ತಲೂ ಇದ್ದಾರೆ, ನಡೆಯಿರಿ ಎಂದು ನೀರನ್ನೂ ಕುಡಿಯದೆ ಹೋದರಂತೆ.

ಮುಂದಿನ ತಿಂಗಳು ಮೊದಲ ಕಿರುಪರೀಕ್ಷೆ. ಅವಿಭಕ್ತ ಕುಟುಂಬದ ಲಕ್ಷಣಗಳನ್ನು ಬರೆಯಿರಿ ಎಂದು ಒಂದು ಪ್ರಶ್ನೆ ಕೊಟ್ಟಿದ್ದೆ. ಹದಿನೆಂಟು ಜನರ ಮನೆಯಲ್ಲಿ ಇಪ್ಪತ್ತೆರಡು ವರ್ಷ ಬಾಳಿದ ಆಡೂರಿನ ಅಕ್ಕ ಪೆನ್ನು ಕಚ್ಚುತ್ತ ಸೂರು ನೋಡುತ್ತಿದ್ದಳು. ಆಮೇಲೆ ಮೆಲ್ಲನೆ ಪಕ್ಕಕ್ಕೆ ಬಾಗಿದಳು. ಹುಲಗೂರಿನ ಹುಡುಗಿ ತಲೆ ಎತ್ತದೆ, ಎಡಗೈಯನ್ನು ಉತ್ತರಪತ್ರಿಕೆಯ ಮೇಲೆ ಅಡ್ಡ ಇಟ್ಟಳು. ಅಕ್ಕ ಮೊಣಕೈಯಿಂದ ತಿವಿದಳು. ಹುಡುಗಿ ಪತ್ರಿಕೆಯನ್ನು ಇನ್ನೂ ಆಚೆ ಸರಿಸಿದಳು. ನಾನು ನೋಡಿಯೂ ನೋಡದ ಹಾಗೆ ನಿಂತಿದ್ದೆ.

ಅಕ್ಕ ಎದ್ದು ನಿಂತಳು. ಇಡೀ ತರಗತಿ ಬರೆಯುವುದನ್ನು ನಿಲ್ಲಿಸಿತು.

"ಮೇಡಂ, ನಮಗ ಈ ಸಂಬಂಧ ಬ್ಯಾಡ್ರಿ" ಎಂದಳು. "ಇವತ್ತ ಅತ್ತಿ ಆಗಾಕಿಗೆ ಒಂದ ಉತ್ತರ ತೋರಿಸದಾಕಿ, ನಾಳೆ ನನಗ ವಯಸ್ಸಾದ ಮ್ಯಾಲ ರೊಟ್ಟಿ ಬಡದು ಹಾಕ್ತಾಳೇನ್ರಿ?"